ಮಳೆಗಾಲದ ಹೊಟ್ಟೆಪಾಡು

9 ಜೂನ್ 2024, ಭಾನುವಾರ

ಕಿವಿನೋವಿಗೆಂದು ಕೊಟ್ಟ ಆ್ಯಂಟಿಬಯಾಟಿಕ್ ಈಗ ಪುಟ್ಟನ ಹೊಟ್ಟೆ ಕೆಡಿಸಿದೆ. ಬೆಳಗಿನಿಂದ ನೀರು ನೀರಾಗಿ ಭೇದಿ. ಜ್ವರವಿಲ್ಲ, ರಕ್ತ ಬೀಳುತ್ತಿಲ್ಲ, ಸೋಫಾ ಹತ್ತಿ ಹಾರುವುದೂ ನಿಂತಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಕೋರ್ಸ್ ಮಧ್ಯದಲ್ಲಿ ಬಿಡಬೇಡಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುತ್ತಾ ಇರಿ, ಉಚ್ಚೆ ಕಡಿಮೆಯಾದರೆ ಅಥವಾ ಮಂಕಾಗಿ ಮಲಗಿಬಿಟ್ಟರೆ ತಕ್ಷಣ ಕರೆದುಕೊಂಡು ಬನ್ನಿ ಅಂದರು. ಜೊತೆಗೆ ಒಂದು ಸ್ಯಾಶೆ ಬರೆದು ವಾಟ್ಸಾಪಿನಲ್ಲಿ ಕಳಿಸಿದರು.

ಚೀಟಿಯಲ್ಲಿದ್ದದ್ದು ಸ್ಯಾಕರೋಮೈಸಿಸ್ ಬೌಲಾರ್ಡಿ. ಮೆಡಿಕಲ್ ಸ್ಟೋರಿನ ಹುಡುಗ ಕೈಗಿಟ್ಟದ್ದು ಲ್ಯಾಕ್ಟೋಬ್ಯಾಸಿಲಸ್. "ಎಲ್ಲಾ ಒಂದೇ ಮೇಡಂ, ಎರಡೂ ಪ್ರೋಬಯಾಟಿಕ್ಕೇ" ಅಂದ. ಒಂದೇ ಹೇಗಾಗುತ್ತದೆ? ಬೌಲಾರ್ಡಿ ಒಂದು ಯೀಸ್ಟ್, ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಅದನ್ನು ಮುಟ್ಟುವುದಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಸ್ವತಃ ಬ್ಯಾಕ್ಟೀರಿಯಾ. ಬೆಳಗಿನ ಡೋಸಿನ ಹಿಂದೆಯೇ ಕೊಟ್ಟರೆ ಅದೂ ಸಾಯಬಹುದು, ಅದಕ್ಕೇ ಎರಡು ಗಂಟೆಯಾದರೂ ಅಂತರ ಬಿಡಿ ಅನ್ನುವುದು. ಕ್ಲಾಸಿನಲ್ಲಿ ಪಾಠ ಮಾಡಿದಷ್ಟು ಉತ್ಸಾಹದಿಂದ ಹೇಳಿದೆ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಅವನು ಮಾತಾಡದೆ ಒಳಗೆ ಹೋಗಿ ಸರಿಯಾದ ಪೊಟ್ಟಣ ತಂದ.

11 ಜೂನ್, ಮಂಗಳವಾರ

ಪೊಟ್ಟಣ ಹರಿದರೆ ಬೇಕರಿಯ ಹಿಂಬಾಗಿಲಿನ ವಾಸನೆ. ತಿಳಿ ಕಂದು ಪುಡಿ, ನೀರಿಗೆ ಹಾಕಿದ ಕೂಡಲೇ ಕರಗದೆ ಮೇಲೆ ತೇಲುತ್ತದೆ, ಚಮಚದ ಬೆನ್ನಿನಿಂದ ಒತ್ತಿ ಒತ್ತಿ ಕಲೆಸಬೇಕು. ಅತ್ತೆ ಅದನ್ನು ಹೊಗೆಯಾಡುವ ರಾಗಿ ಗಂಜಿಗೇ ಸುರಿಯಲು ಹೊರಟಿದ್ದರು. "ಅತ್ತೆ, ತಡೀರಿ, ಬಿಸಿಗೆ ಸತ್ತೋಗ್ತವೆ" ಅಂದೆ. "ಏನು ಸಾಯುತ್ತೇ?" ಅಂತ ಬಟ್ಟಲೊಳಗೆ ಬಗ್ಗಿ ನೋಡಿದರು.

ಅವರ ಮದ್ದು ಬೇರೆ: ಒಣಗಿಸಿಟ್ಟ ದಾಳಿಂಬೆ ಸಿಪ್ಪೆ, ತೇಯ್ದು ಮಜ್ಜಿಗೆಯಲ್ಲಿ. ನಾನು ಅವರಿಗೆ ಬೌಲಾರ್ಡಿ ಕಥೆ ಹೇಳಿದೆ. ಹಾನ್ರಿ ಬೌಲಾರ್ ಎಂಬ ಫ್ರೆಂಚ್ ವಿಜ್ಞಾನಿ 1920ರ ದಶಕದಲ್ಲಿ ಇಂಡೋಚೈನಾದಲ್ಲಿದ್ದಾಗ ಕಾಲರಾ ಬಂದಿತ್ತಂತೆ. ಅಲ್ಲಿನ ಜನ ಲಿಚಿ, ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆಯ ಕಷಾಯ ಕುಡಿಯುವುದನ್ನು ನೋಡಿ, ಆ ಹಣ್ಣುಗಳಿಂದಲೇ ಈ ಯೀಸ್ಟನ್ನು ಬೇರ್ಪಡಿಸಿದ. ಅತ್ತೆಗೆ ಪರಮಾನಂದ. "ನೋಡಿದ್ಯಾ, ಕೊನೆಗೆ ಸಿಪ್ಪೆ ಕಷಾಯವೇ ಗೆದ್ದಿದ್ದು!" ದಾಳಿಂಬೆ ಸಿಪ್ಪೆಯ ಕೆಲಸ ಅದರ ಒಗರಿನದು, ಯೀಸ್ಟಿನದಲ್ಲ ಅಂತ ಹೇಳಹೊರಟವಳು ಸುಮ್ಮನಾದೆ. ಪುಟ್ಟ ಮೊಸರನ್ನ ತಿಂದ, ಅಷ್ಟು ಸಾಕು.

ಮಳೆಗೆ ಹೆಪ್ಪು ಹಿಡಿಯುತ್ತಿಲ್ಲ. ರಾತ್ರಿ ಅತ್ತೆ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿ, ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಹುದುಗಿಸಿಟ್ಟರು.

16 ಜೂನ್, ಭಾನುವಾರ

ಪುಟ್ಟನ ಹೊಟ್ಟೆ ಸರಿಯಾಗಿದೆ. ಸ್ಯಾಶೆಯಿಂದಲೋ, ಔಷಧದ ಕೋರ್ಸ್ ಮುಗಿದದ್ದರಿಂದಲೋ, ತಾನೇ ತಾನಾಗಿಯೋ, ಒಂದು ಮಗುವನ್ನು ನೋಡಿ ಹೇಳಲು ಬರುವುದಿಲ್ಲ.

ಬೆಂಗಳೂರಿನಿಂದ ನಾದಿನಿ ಬಂದಿದ್ದಳು, ಕೈಯಲ್ಲಿ ದೊಡ್ಡ ಡಬ್ಬಿ. "ಅತ್ತಿಗೆ, ಇಡೀ ಮನೆಗೆ. ದಿನಕ್ಕೊಂದು. ಇಮ್ಯುನಿಟಿ ಬರುತ್ತೆ." ಮುಚ್ಚಳದ ಮೇಲೆ 5,000 ಕೋಟಿ ಜೀವಾಣು ಎಂಬ ದಪ್ಪ ಅಕ್ಷರ, ಪಕ್ಕದಲ್ಲಿ ಗುರಾಣಿ ಹಿಡಿದ ಮಗುವಿನ ಚಿತ್ರ. ಹಿಂಬದಿ ಓದಿದೆ. ಕುಲದ ಹೆಸರು, ಜಾತಿಯ ಹೆಸರು ಇವೆ, ತಳಿಯ ಗುರುತು ಎಲ್ಲೂ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಪ್ರೋಬಯಾಟಿಕ್ ಎಂದರೆ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಲಾಭ ತರುವ ಜೀವಂತ ಸೂಕ್ಷ್ಮಜೀವಿ, ಹೀಗೆ 2001ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒ ತಜ್ಞರು ಸೇರಿ ಹೇಳಿಟ್ಟಿದ್ದಾರೆ. ಯಾವ ತಳಿ, ಎಷ್ಟು, ಯಾವ ಕಾಯಿಲೆಗೆ ಎಂಬುದಕ್ಕೆ ಪುರಾವೆ ಬೇಕು. ಗುರಾಣಿಯ ಚಿತ್ರ ಪುರಾವೆಯಲ್ಲ.

ಪುರಾವೆಗಳೂ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಒಂದೇ ವಾರ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು ಅದರ ಆಹಾರದ ಜೊತೆ ಕೊಟ್ಟದ್ದಕ್ಕೆ, ನಂಜು ಮತ್ತು ಸಾವು ಸೇರಿ ಶೇ 9ರಿಂದ 5.4ಕ್ಕೆ ಇಳಿದವು. ಓದಿದಾಗ ಮೈ ಜುಮ್ಮೆಂದಿತ್ತು. ಮರುವರ್ಷವೇ ಅಮೆರಿಕ ಮತ್ತು ಕೆನಡಾದ ಎರಡು ದೊಡ್ಡ ಪ್ರಯೋಗಗಳಲ್ಲಿ, ವಾಂತಿಭೇದಿಯ ಮಕ್ಕಳಿಗೆ ಬೇರೆ ಪ್ರೋಬಯಾಟಿಕ್‌ಗಳನ್ನು ಕೊಟ್ಟರೆ, ಬರಿಯ ಪುಡಿ ಕೊಟ್ಟ ಮಕ್ಕಳಿಗಿಂತ ಏನೂ ಹೆಚ್ಚಿನ ಗುಣ ಕಾಣಲಿಲ್ಲ. ಅದೇ ವರ್ಷ ಇಸ್ರೇಲಿನ ವೈಜ್ಮನ್ ಸಂಸ್ಥೆಯವರು ಇನ್ನೊಂದು ಕಂಡರು: ಆ್ಯಂಟಿಬಯಾಟಿಕ್ ಮುಗಿಸಿದವರಿಗೆ ಹಲವು ತಳಿಗಳ ಮಿಶ್ರಣ ಕೊಟ್ಟಾಗ, ಅವರ ಕರುಳಿನ ಮೂಲನಿವಾಸಿಗಳು ಮರಳಿ ನೆಲೆಗೊಳ್ಳುವುದು ತಡವಾಯಿತು. ಅಧ್ಯಯನ ಚಿಕ್ಕದು ನಿಜ. ಆದರೂ ದಿನಕ್ಕೊಂದು ಅನ್ನುವವರು ಓದಬೇಕಾದದ್ದು. ಆ್ಯಂಟಿಬಯಾಟಿಕ್ ಭೇದಿ ತಡೆಯಲು ಕೆಲವು ತಳಿಗಳು ಸಹಾಯ ಮಾಡುತ್ತವೆ, ಅಲ್ಲಿ ಆಧಾರ ಗಟ್ಟಿ. ನೆಗಡಿ ಕೆಮ್ಮು ಬಾರದಂತೆ ಇಡೀ ಮನೆಗೆ ಕೋಟೆ ಕಟ್ಟುತ್ತವೆ ಎಂಬುದಕ್ಕೆ ಅಷ್ಟು ಗಟ್ಟಿ ಆಧಾರವಿಲ್ಲ.

ಇದನ್ನೆಲ್ಲ ನಾದಿನಿಗೆ ಹೇಳಲಿಲ್ಲ. ಪ್ರೀತಿಯಿಂದ ತಂದಿದ್ದಾಳೆ. "ಮಾವನ ಡಾಕ್ಟರನ್ನ ಒಂದು ಮಾತು ಕೇಳಿ ಶುರು ಮಾಡ್ತೀವಮ್ಮ" ಅಂದೆ. ಸುಳ್ಳೇನಲ್ಲ. ಮಾವ ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು, ಅದು ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುವ ಮಾತ್ರೆ.

22 ಜೂನ್, ಶನಿವಾರ

ಮಾವನನ್ನು ಕರೆದುಕೊಂಡು ಹೋಗಿದ್ದೆ. ಡಾಕ್ಟರು ಡಬ್ಬಿ ತಿರುಗಿಸಿ ನೋಡಿ, "ಇವರಿಗೆ ಬೇಡ" ಅಂದರು. ಆರೋಗ್ಯವಂತರಿಗೆ ಅಪಾಯ ಕಡಿಮೆ, ಆದರೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಈ ಜೀವಾಣುಗಳೇ ರಕ್ತಕ್ಕೆ ಸೇರಿ ಸೋಂಕು ಮಾಡಿರುವುದುಂಟು, ಅಪರೂಪಕ್ಕೆ. ಕಾರಣವಿಲ್ಲದೆ ಆ ಅಪರೂಪವನ್ನು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ಮಾವ ಗಂಭೀರವಾಗಿ ಕೇಳಿದರು: "ಹಂಗಾದ್ರೆ ಮೊಸರು?" "ಮೊಸರು ಧಾರಾಳವಾಗಿ ತಿನ್ನಿ, ಹಾಲು ಚೆನ್ನಾಗಿ ಕಾಯಿಸಿ ಹೆಪ್ಪು ಹಾಕಿದ್ದು." ಮಾವನಿಗೆ ಜೀವ ಬಂತು.

ಮೊಸರಿನಲ್ಲೂ ಕೋಟಿಗಟ್ಟಲೆ ಇರುತ್ತವೆ. ಆದರೆ ನಮ್ಮನೆ ಹೆಪ್ಪಿನಲ್ಲಿ ಯಾವ ತಳಿ, ಎಷ್ಟಿದೆ ಎಂದು ಯಾರು ಎಣಿಸಿದ್ದಾರೆ? ಹಾಗಾಗಿ ಅದನ್ನು ಔಷಧವೆನ್ನಲಾರೆ. ಊಟ ಅನ್ನಲು ಏನಡ್ಡಿ? ಪ್ರೋಟೀನು, ಕ್ಯಾಲ್ಸಿಯಂ, ಹಾಲು ಸೇರದವರಿಗೂ ಬಹುಮಟ್ಟಿಗೆ ಸೇರುವ ಗುಣ. ಡಬ್ಬಿಯ ದುಡ್ಡಿಗೆ ಎಷ್ಟು ಲೀಟರ್ ಹಾಲು ಬರುತ್ತಿತ್ತೆಂದು ಅತ್ತೆ ಆಗಲೇ ಲೆಕ್ಕ ಹಾಕಿದ್ದಾರೆ.

4 ಜುಲೈ, ಗುರುವಾರ

ದ್ವಿತೀಯ ಪಿಯುಸಿಗೆ ಸೂಕ್ಷ್ಮಜೀವಿಗಳ ಪಾಠ. ಹಾಲು ಮೊಸರಾಗುವಾಗ ಬಿ12 ಹೆಚ್ಚುತ್ತದೆ ಎಂಬ ಸಾಲಿಗೆ ಬಂದೆ. ಒಬ್ಬ ಕೈಯೆತ್ತಿದ, "ಮೇಡಂ, ಜಾಹೀರಾತಿನ ಆ ಪುಟ್ಟ ಬಾಟಲಿ ದಿನಾ ಕುಡಿಯಬೇಕಾ?" ಜಪಾನಿನ ಮಿನೊರು ಶಿರೋಟಾ 1930ರಲ್ಲಿ ಗಟ್ಟಿಮುಟ್ಟಾದ ಒಂದು ತಳಿಯನ್ನು ಆರಿಸಿ ಬೆಳೆಸಿದ, 1935ರಲ್ಲಿ ಅದನ್ನು ಪಾನೀಯವಾಗಿ ಮಾರಾಟಕ್ಕಿಟ್ಟ ಎಂದು ಹೇಳಿ, ಕುಡಿದರೆ ತಪ್ಪಿಲ್ಲ, ಆದರೆ ಸಕ್ಕರೆ ಎಷ್ಟಿದೆ ಅಂತ ಲೇಬಲ್ ಓದು, ಕುಡಿಯದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ ಅಂದೆ. ಕಾಳು, ಸೊಪ್ಪು, ರಾಗಿ, ಬಾಳೆಹಣ್ಣು ತಿಂದರೆ ಒಳಗಿರುವವುಗಳಿಗೇ ಊಟ ಸಿಗುತ್ತದೆ.

"ದೋಸೆ ಹಿಟ್ಟಲ್ಲೂ ಇರ್ತಾವಲ್ಲ ಮೇಡಂ?" ಇನ್ನೊಬ್ಬಳು. ಇರುತ್ತವೆ, ಕಾವಲಿ ಮೇಲೆ ಸಾಯುತ್ತವೆ. ಹುದುಗಿದ್ದರ ಲಾಭ ಮಾತ್ರ ಉಳಿಯುತ್ತದೆ. ಮಜ್ಜಿಗೆಯಲ್ಲಾದರೆ ಬದುಕಿರುತ್ತವೆ.

ಹಿಂದಿನ ಬೆಂಚಿನಿಂದ ದನಿ: "ನಮ್ಮ ಹಾಸ್ಟೆಲ್ ಮಜ್ಜಿಗೇಲಿ ಮಜ್ಜಿಗೇನೇ ಇರಲ್ಲ ಮೇಡಂ." ಆಮೇಲೆ ಹತ್ತು ನಿಮಿಷ ಪಾಠ ನಡೆಯಲಿಲ್ಲ.