ಅಟ್ಟದ ಮೇಲಿನ ಪೆಟ್ಟಿಗೆ

ಕೀಲ್ಪಾಕಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆಯಿದೆ. ಅದರಲ್ಲಿ ನಮ್ಮ ಮಗಳ ಸ್ಕೇಟಿಂಗ್ ಬೂಟುಗಳು. “ಹತ್ತನೆಯ ತರಗತಿ ಮುಗಿಯಲಿ, ಆಮೇಲೆ ಆಡುವೆಯಂತೆ” ಎಂದು ನಾವು ಗಂಡಹೆಂಡಿರೇ ಕಟ್ಟಿ ಮೇಲಿಟ್ಟದ್ದು. ಹತ್ತು ಮುಗಿಯಿತು, ಹನ್ನೆರಡೂ ಮುಗಿಯಿತು. ಪೆಟ್ಟಿಗೆಯ ದಾರ ಬಿಚ್ಚಲಿಲ್ಲ. ಅವಳೂ ಕೇಳಲಿಲ್ಲ. ಕೇಳದಿದ್ದುದನ್ನು ಜಾಣತನವೆಂದು ತಿಳಿದು ನಾವು ಸಮಾಧಾನಪಟ್ಟೆವು.

2025ರ ಸೆಪ್ಟೆಂಬರಿನಲ್ಲಿ ಆ ಸಮಾಧಾನ ಹೋಯಿತು. ಚೀನದಲ್ಲಿ ನಡೆದ ವಿಶ್ವ ಸ್ಪೀಡ್ ಸ್ಕೇಟಿಂಗ್ ಸ್ಪರ್ಧೆಯಲ್ಲಿ ಇದೇ ಚೆನ್ನೈಯ ಆನಂದಕುಮಾರ್ ವೇಲ್‌ಕುಮಾರ್ 1000 ಮೀಟರನ್ನು 1 ನಿಮಿಷ 24.924 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಚಕ್ರದ ಮೇಲಿನ ಈ ಓಟದಲ್ಲಿ ವಿಶ್ವವಿಜೇತರಾದ ಮೊದಲ ಭಾರತೀಯರು ಅವರೇ. ಅದೇ ಕೂಟದಲ್ಲಿ 500 ಮೀಟರಿಗೆ ಕಂಚು, 42 ಕಿಲೋಮೀಟರಿನ ಮ್ಯಾರಥಾನಿಗೆ ಇನ್ನೊಂದು ಚಿನ್ನ.

ಒಂದೇ ದಿನದಲ್ಲಿ ಬಂದ ಫಲವಲ್ಲ ಇದು. 2021ರಲ್ಲಿ ಕೊಲಂಬಿಯದಲ್ಲಿ ಕಿರಿಯರ ವಿಶ್ವಸ್ಪರ್ಧೆಯ ಬೆಳ್ಳಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ರಿಲೇಯಲ್ಲಿ ಕಂಚು. 2025ರ ಆಗಸ್ಟಿನಲ್ಲಿ ಚೆಂಗ್ಡುವಿನ ವಿಶ್ವ ಕ್ರೀಡೆಗಳಲ್ಲಿ ಮತ್ತೊಂದು ಕಂಚು.

ಆ ಹಾಂಗ್‌ಝೌ ರಿಲೇಯನ್ನು ಓದುಗರು ಮರೆತಿರಲಾರರು. ಮುಂದಿದ್ದ ಕೊರಿಯದ ಆಟಗಾರ ಗೆದ್ದೆನೆಂದು ಗೆರೆ ಮುಟ್ಟುವ ಮೊದಲೇ ಕೈ ಮೇಲೆತ್ತಿದ. ಹಿಂದಿದ್ದ ತೈವಾನಿನವನು ಕಾಲು ಮುಂದಕ್ಕೆ ಚಾಚಿಬಿಟ್ಟ. ವ್ಯತ್ಯಾಸ ಸೆಕೆಂಡಿನ ನೂರನೆಯ ಒಂದು ಭಾಗ! ಕಚೇರಿಯಲ್ಲಿ ಕಡತ ಒಂದು ವಾರ ತಡವಾದರೂ ಲೆಕ್ಕವಿಡದ ನಮಗೆ ಇದು ಬೇರೆ ಲೋಕದ ಮಾತು. ಅವರ ಹಿಂದೆಯೇ ಬಂದು ಮೂರನೆಯದಾದದ್ದು ನಮ್ಮವರ ತಂಡ.

ಮಂಜಿನ ಮೇಲೆ ಆಡುವ ಷಾರ್ಟ್ ಟ್ರ್ಯಾಕ್ ಇದರ ದಾಯಾದಿ. ಅಲ್ಲಿ ಸುತ್ತು ಕೇವಲ 111.12 ಮೀಟರ್. ತಿರುವಿನಲ್ಲಿ ಒಳಕ್ಕೆ ವಾಲಿ, ಎಡಗೈಯಿಂದ ನೆಲ ಸವರುತ್ತ ಹೋಗಬೇಕು. ಇಲ್ಲವಾದರೆ ವೇಗವೇ ಹೊರಕ್ಕೆ ಎಸೆಯುತ್ತದೆ. ಬಿ.ಎಸ್‌ಸಿ.ಯಲ್ಲಿ ಉರು ಹೊಡೆದು ಮರೆತ ಸೂತ್ರವನ್ನು ಆ ಹುಡುಗರು ಮೈಯಲ್ಲೇ ಕಲಿತಿರುತ್ತಾರೆ. ಅಮೆರಿಕದ ಅಪೋಲೊ ಓನೊ ಮೊದಲು ಚಕ್ರದ ಮೇಲೆಯೇ ಆಡಿ, ಆಮೇಲೆ ಮಂಜಿಗಿಳಿದು ಎಂಟು ಒಲಿಂಪಿಕ್ ಪದಕ ಗಳಿಸಿದವರು. ಚಕ್ರದ ಓಟಕ್ಕಾದರೋ ಒಲಿಂಪಿಕ್ಸಿನಲ್ಲಿ ಜಾಗವೇ ಇಲ್ಲ.

ನಾವು ಮಗಳಿಗೆ ಹೇಳಿದ ನ್ಯಾಯವೂ ಅದೇ ಆಗಿತ್ತು: “ಒಲಿಂಪಿಕ್ಸಿಗೂ ಇಲ್ಲದ ಆಟದಿಂದ ಏನು ಬಂತು?” ಆ ಪ್ರಶ್ನೆಗೆ ಸೋಲದೆ ಆಡಿದವರೊಬ್ಬರು ನಮ್ಮ ಊರಿನಲ್ಲೇ ಬೆಳೆಯುತ್ತಿದ್ದರು.

ಮುಂದಿನ ಭಾನುವಾರ ಪೆಟ್ಟಿಗೆ ಇಳಿಸಿದೆವು. ಬೂಟು ಮಗಳ ಕಾಲಿಗೆ ಹಿಡಿಸಲಿಲ್ಲ. ಚಕ್ರವನ್ನು ಬೆರಳಿನಿಂದ ತಿರುಗಿಸಿದಳು. ಬಹಳ ಹೊತ್ತು ತಿರುಗಿತು. “ಪರವಾಗಿಲ್ಲ ಅಪ್ಪ” ಎಂದಳು. ಅವಳು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಮಗನೀಗ ಏಳನೆಯ ತರಗತಿ. ಅವನಿಗೆ ಕ್ಯಾರಂ ಹುಚ್ಚು. ಹತ್ತನೆಯದು ಬಂದಾಗ ಬೋರ್ಡು ಅಟ್ಟಕ್ಕೇರುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ. ಅಕ್ಕನೇ ಸಾಕ್ಷಿ.