ಸೀಲೇರಿನ ನಿಂತ ನೀರು

ವಿಶಾಖಪಟ್ಟಣದಿಂದ ಬೆಳಿಗ್ಗೆ ಹೊರಟ ಬಸ್ಸು ನರ್ಸೀಪಟ್ಟಣ ದಾಟಿ ಘಾಟಿ ಹತ್ತಿತು. ಕಾಫಿ ಗಿಡಗಳನ್ನು ಕಂಡೊಡನೆ “ಥೇಟ್ ನಮ್ಮ ಮಲೆನಾಡು!” ಎಂದು ಉದ್ಗರಿಸಿದೆ. 1922ರಲ್ಲಿ ಅಲ್ಲೂರಿ ಸೀತಾರಾಮರಾಜು ಪೊಲೀಸ್ ಠಾಣೆಗೆ ನುಗ್ಗಿ ಬಂದೂಕು ಒಯ್ದ ಚಿಂತಪಲ್ಲಿ ಹಿಂದಾಯಿತು. ಆಮೇಲೆ ಬರೀ ಕಾಡು. ಸಂಜೆಗೆ ಸೀಲೇರು.

ಪುಟ್ಟ ಊರು. ಸುತ್ತ ಬೆಟ್ಟ, ನಡುವೆ ವಿದ್ಯುತ್ ನೌಕರರ ವಸತಿಗಳು. ಮಾಚ್‌ಖಂಡ್ ನದಿಯೇ ಇಲ್ಲಿ ಸೀಲೇರು. ಮೇಲೆ ಜಲಾಪುಟ್ ಅಣೆಕಟ್ಟು. 1955ರಲ್ಲಿ ಆರಂಭವಾದ 120 ಮೆಗಾವಾಟಿನ ಮಾಚ್‌ಖಂಡ್ ಕೇಂದ್ರ. ಅದೇ ನೀರು ಮುಂದೆ ಮೇಲಿನ ಸೀಲೇರಿನಲ್ಲಿ 240, ಕೆಳಗಿನ ಸೀಲೇರಿನಲ್ಲಿ 460 ಮೆಗಾವಾಟಿನ ಯಂತ್ರಗಳನ್ನು ತಿರುಗಿಸಿ, ಶಬರಿಯ ಮೂಲಕ ಗೋದಾವರಿ ಸೇರುತ್ತದೆ. 2015ರಲ್ಲಿ ಪಟ್ಟಿಸೀಮೆಯ ಏತ ನೀರಾವರಿ ಶುರುವಾದ ಮೇಲೆ ಗೋದಾವರಿಯ ನೀರು ವಿಜಯವಾಡದ ಕೃಷ್ಣೆಗೂ ಬರುತ್ತಿದೆ. ನಮ್ಮ ಬಿಂದಿಗೆಯಲ್ಲೂ ಈ ಬೆಟ್ಟದ ಹನಿಯಿರಬಹುದು!

ಚಹಾದಂಗಡಿಯಲ್ಲಿ ಗಿರಿಜನ ಮುದುಕರೊಬ್ಬರು ಸಿಕ್ಕರು. “ನಮ್ಮ ತಾತನ ಊರು ಜಲಾಪುಟ್ ನೀರಿನಡಿ ಇದೆ ಬಾಬೂ. ತಂತಿ ನಮ್ಮ ತಲೆಯ ಮೇಲೇ ಹೋಯಿತು. ದೀಪ ಬರುವಷ್ಟರಲ್ಲಿ ನನಗೆ ಮೊಮ್ಮಕ್ಕಳಾಗಿದ್ದರು” ಎಂದರು. ಚಹಾದ ದುಡ್ಡು ಕೊಡಲು ಬಿಡಲಿಲ್ಲ.

ನನಗೆ ಶರಾವತಿ ನೆನಪಾಯಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮನೆ, ಅಡಿಕೆ ತೋಟ, ದೇವಸ್ಥಾನ ಬಿಟ್ಟು ಎದ್ದ ಎಷ್ಟೋ ಕುಟುಂಬಗಳು ತಮಗೆ ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿವೆ. “ಥೇಟ್ ಮಲೆನಾಡು” ಎಂಬ ನನ್ನ ಮಾತು ಹೀಗೂ ನಿಜವಾಗಬೇಕೇ?

ತೆಲುಗು ನಾಡಿನಲ್ಲೇ ಹುಟ್ಟಿ ಬೆಳೆದ ಯುವ ಮಿತ್ರರೇ, ಸೀಲೇರಿಗೆ ಒಮ್ಮೆ ಹೋಗಿ ಬನ್ನಿ. ಊರಿಗೆ ಹೋದಾಗ ಜೋಗದಲ್ಲಿ ಧುಮುಕುವ ನೀರಿನ ಜೊತೆಗೆ, ಅದರ ಮೇಲುಗಡೆ ನಿಂತ ನೀರನ್ನೂ ನೋಡಿ ಬನ್ನಿ.