ನಾವು ಸೊಳ್ಳೆಗೆ ಕೊಟ್ಟದ್ದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹಳಬರ ಬಾಯಲ್ಲಿ ಎರಡು ಮಾತು ಇನ್ನೂ ಉಳಿದಿವೆ: ಜ್ವರಗಡ್ಡೆ ಮತ್ತು ಕ್ವಿನೈನು. ಮಲೇರಿಯ ಮತ್ತೆ ಮತ್ತೆ ಬಂದು ಊದಿಕೊಂಡ ಗುಲ್ಮವೇ ಜ್ವರಗಡ್ಡೆ. ಕ್ವಿನೈನು ಅದರ ಕಹಿ ಮದ್ದು. ನನ್ನ ಅಜ್ಜಿ ಮನೆಯ ಸಾವುಗಳನ್ನು ಇಸವಿ ಹಿಡಿದು ಹೇಳುತ್ತಿರಲಿಲ್ಲ, 'ಆ ಚಳಿಜ್ವರದ ವರ್ಷ' ಅನ್ನುತ್ತಿದ್ದಳು. ಜ್ವರ ಎಲ್ಲಿಂದ ಬಂತು ಎಂದು ಕೇಳಿದರೆ ಅವಳ ಹತ್ತಿರ ಪಟ್ಟಿಯೇ ಇತ್ತು: ಹಳ್ಳದ ನೀರು, ಕಾಡಿನ ಗಾಳಿ, ಘಟ್ಟದ ಕೆಳಗಿನಿಂದ ಬಂದ ಆಳುಗಳು, ಕೊನೆಗೆ ಸೊಳ್ಳೆ. ಆ ಪಟ್ಟಿಯಲ್ಲಿ ನಾವು ಮಾತ್ರ ಇರಲಿಲ್ಲ.

ಕಾಲೇಜಿನಲ್ಲಿ ಮಲೇರಿಯದ ಪಾಠ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ. ನೀರಿನಿಂದ ಎದ್ದು ಬರುವ ಸೊಳ್ಳೆಯ ಮೈಯಲ್ಲಿ ಮಲೇರಿಯ ಇರುವುದಿಲ್ಲ. ಅದಕ್ಕೆ ರೋಗ ಕೊಡುವವನು ಮನುಷ್ಯ.

ರೋಗಿಯ ರಕ್ತದಲ್ಲಿ ಪರಾವಲಂಬಿಗಳು ಕೆಂಪು ಕಣಗಳನ್ನು ಒಡೆದು ಹೊರಬರುವಾಗ ಚಳಿ, ನಡುಕ, ಜ್ವರ. ಆದರೆ ಅವುಗಳಲ್ಲಿ ಕೆಲವು ಈ ದಾರಿ ಬಿಟ್ಟು ಗಂಡು, ಹೆಣ್ಣು ಗ್ಯಾಮಿಟೊಸೈಟ್‌ಗಳಾಗುತ್ತವೆ. ಅವು ಜ್ವರ ತರುವುದಿಲ್ಲ, ಸೊಳ್ಳೆಗಾಗಿ ಕಾಯುತ್ತವೆ. ವೈವ್ಯಾಕ್ಸ್ ಜಾತಿಯಲ್ಲಿ ಜ್ವರ ಕಾಣುವ ಮೊದಲೇ ಸಿದ್ಧವಾಗಿರಬಹುದು. ಫಾಲ್ಸಿಪೇರಂ ಜಾತಿಯಲ್ಲಿ ಬಲಿಯಲು 10–12 ದಿನ ಬೇಕು; ಬಲಿತ ಮೇಲೆ ಬಿದಿಗೆ ಚಂದ್ರನಂತೆ ಬಾಗಿರುತ್ತವೆ.

ಮನುಷ್ಯನ ಬಿಸಿ ರಕ್ತದಿಂದ ಸೊಳ್ಳೆಯ ತಣ್ಣನೆಯ ಹೊಟ್ಟೆಗೆ ಇಳಿದದ್ದೇ ಅವು ಎಚ್ಚರಗೊಳ್ಳುತ್ತವೆ. ಕಾಲು ಗಂಟೆಯ ಆಸುಪಾಸಿನಲ್ಲಿ ಒಂದು ಗಂಡು ಎಂಟು ಎಳೆಗಳಾಗಿ ಸಿಡಿದು ಹೆಣ್ಣನ್ನು ಹುಡುಕುತ್ತದೆ. 1880ರಲ್ಲಿ ಅಲ್ಜೀರಿಯದಲ್ಲಿ ಲಾವೆರಾನ್ ಸೂಕ್ಷ್ಮದರ್ಶಕದಡಿ ಕಂಡದ್ದು ಈ ಎಳೆಗಳ ಕುಣಿತವನ್ನೇ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮುಂದಿನ ಹಂತವನ್ನು ಕಂಡ. ಅದಕ್ಕಾಗಿ ಹುಸೇನ್ ಖಾನ್ ಎಂಬ ರೋಗಿ ಕಡಿತಕ್ಕೆ ಒಂದಾಣೆಯಂತೆ ಸೊಳ್ಳೆಗಳಿಗೆ ಮೈಯೊಡ್ಡಿದ್ದ. ಮಲೆನಾಡಿನಲ್ಲಿ ನಮ್ಮವರು ಆ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದರು.

ನಮ್ಮ ಕಡೆಯ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಹೆಸರಿನಲ್ಲೇ ಹೊಳೆ ಇದೆ. ಕೊಳಚೆ ಅದಕ್ಕೆ ಬೇಡ. ಮೆಲ್ಲನೆ ಹರಿಯುವ ತಿಳಿನೀರಿನ ಹಳ್ಳ, ಅಂಚಿನಲ್ಲಿ ಒಂದಿಷ್ಟು ಹುಲ್ಲು ಇದ್ದರೆ ಸಾಕು. ನಾವು ಚಂದ ಎಂದು ನಿಂತು ನೋಡುವ ಜಾಗವೇ ಅದರ ತೊಟ್ಟಿಲು. ರಾತ್ರಿ ಅದು ಮನೆಯೊಳಗೆ ಬಂದು ಮನುಷ್ಯರನ್ನು ಹುಡುಕುತ್ತದೆ.

ಕ್ವಿನೈನು ಜ್ವರ ಇಳಿಸುತ್ತಿತ್ತು. ಬಲಿತ ಆ ಬಿದಿಗೆ ಚಂದ್ರರನ್ನು ಕೊಲ್ಲುತ್ತಿರಲಿಲ್ಲ. ಹಾಗಾಗಿ ಗಂಜಿ ಕುಡಿದು, ಚೇತರಿಸಿಕೊಂಡು, ತೋಟ ಸುತ್ತಿ ಬಂದು ಜಗಲಿಯಲ್ಲಿ ಮಲಗಿದ ಯಜಮಾನನ ರಕ್ತದಲ್ಲೂ ಅವು ಇರಬಹುದಿತ್ತು. ಅವನನ್ನು ಕಚ್ಚಿದ ಸೊಳ್ಳೆ ಹತ್ತು ಹದಿನಾಲ್ಕು ದಿನ ಬದುಕಿದರೆ ಮುಂದಿನ ಕಡಿತದಲ್ಲಿ ರೋಗ ದಾಟುತ್ತಿತ್ತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮದಲ್ಲಿ ಗೋಡೆಗಳಿಗೆ ಡಿಡಿಟಿ ಹೊಡೆದದ್ದೂ ರಕ್ತ ಕುಡಿದು ಗೋಡೆಗೆ ಕೂತ ಸೊಳ್ಳೆಗೆ ಅಷ್ಟು ಆಯುಸ್ಸು ಸಿಗದಿರಲೆಂದೇ.

ಅಜ್ಜಿಯ ಕಥೆಯೊಂದರಲ್ಲಿ ಘಟ್ಟದ ಕೆಳಗಿನ ಹುಡುಗಿಯೊಬ್ಬಳು ಅಡಕೆ ಕೊಯ್ಲಿಗೆ ಬರುತ್ತಾಳೆ. ಬರುವಾಗ ಗಟ್ಟಿಮುಟ್ಟು, ತಿಂಗಳು ಕಳೆಯುವುದರೊಳಗೆ ಕಂಬಳಿ ಹೊದ್ದು ನಡುಗುತ್ತಿರುತ್ತಾಳೆ. 'ಅವರೇ ತಂದದ್ದು' ಎನ್ನುವ ಅಜ್ಜಿಯೇ ಈ ಕಥೆಯನ್ನೂ ಹೇಳುತ್ತಿದ್ದಳು. ಆ ಹುಡುಗಿಗೆ ಜ್ವರ ಕೊಟ್ಟವರು ಯಾರು? ಅವಳು ಮಲಗುತ್ತಿದ್ದ ಕೊಟ್ಟಿಗೆಯ ಅಟ್ಟಕ್ಕೂ ನಮ್ಮ ಜಗಲಿಗೂ ನಡುವೆ ಇದ್ದದ್ದು ಒಂದು ಅಂಗಳ ಮಾತ್ರ. ಆ ಅಂಗಳ ದಾಟಲು ಸೊಳ್ಳೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಈಗ ಫಾಲ್ಸಿಪೇರಂ ರೋಗಿಗೆ ಬೇರೆ ಮಾತ್ರೆಗಳ ಜೊತೆ ಪ್ರೈಮಾಕ್ವಿನ್ ಎಂಬುದನ್ನೂ ಒಂದೇ ಒಂದು ಸಲ ಕೊಡುತ್ತಾರೆ. ಅವನ ಜ್ವರ ಅದರಿಂದ ಬೇಗ ಇಳಿಯುವುದಿಲ್ಲ. ಅದು ಕೊಲ್ಲುವುದು ಸೊಳ್ಳೆಗಾಗಿ ಕಾದಿರುವವರನ್ನು. ನುಂಗುವವನು ಒಬ್ಬ, ಉಳಿಯುವವನು ಪಕ್ಕದ ಮನೆಯವನು. ಔಷಧಿ ಅಂಗಡಿಯಲ್ಲಿ ಇಂಥ ಮಾತ್ರೆಗಳು ಹೆಚ್ಚಿಲ್ಲ.